ಅಪ್‌ಡೇಟ್ ಆದ ಮೇಲೆ ಡ್ಯುಯಲ್ ಬೂಟ್ ಕೈಕೊಟ್ಟಿತೇ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಮೇಲಿನಿಂದ ಕೆಳಗಿನವರೆಗೆ ಓದಲೇಬೇಕು ಅಂತೇನಿಲ್ಲ. ಮೊದಲ ಮೂರು ಪ್ರಶ್ನೆಗಳನ್ನು ಎಲ್ಲರೂ ಓದಿ, ಆಮೇಲೆ ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿದೆಯೋ ಅದಕ್ಕೆ ಹೊಂದುವ ಪ್ರಶ್ನೆಗೆ ನೇರವಾಗಿ ಹೋಗಿ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು.

ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಮಾಡಿದೆ, ಒಂದು ಸಿಸ್ಟಮ್ ಕಾಣಿಸುತ್ತಲೇ ಇಲ್ಲ. ನನ್ನ ಫೈಲ್‌ಗಳೆಲ್ಲ ಹೋದವಾ?

ಗಾಬರಿ ಬೇಡ. ಸಿಸ್ಟಮ್ ಅನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್ ಇರುವ ಜಾಗ ಬೇರೆ, ನಿಮ್ಮ ಫೋಟೋ, ದಾಖಲೆ, ಪ್ರಾಜೆಕ್ಟ್‌ಗಳು ಇರುವ ಜಾಗ ಬೇರೆ. ಇಂಥ ಅಪ್‌ಡೇಟ್‌ಗಳು ಕೆಡಿಸುವುದು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ. ಅನುಮಾನ ಇದ್ದರೆ ಯಾವುದಾದರೂ ಲಿನಕ್ಸ್‌ನ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವಂಥದ್ದು) ಕಂಪ್ಯೂಟರ್ ಶುರು ಮಾಡಿ, ಫೈಲ್ ಮ್ಯಾನೇಜರ್ ತೆರೆದು ನೋಡಿ. ಎರಡೂ ಸಿಸ್ಟಮ್‌ಗಳ ಪಾರ್ಟಿಷನ್‌ಗಳು (ಡಿಸ್ಕಿನ ಭಾಗಗಳು) ಅಲ್ಲಿ ಕಾಣುತ್ತವೆ. ಕಂಡ ಕೂಡಲೇ ಮುಖ್ಯವಾದದ್ದನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ರಿಪೇರಿ ಆಮೇಲೆ.

ಫೈಲ್‌ಗಳು ನಿಜವಾಗಿ ಹೋಗುವುದು ಇದರ ನಂತರ, ಗಾಬರಿಯಲ್ಲಿ ಮಾಡುವ ಕೆಲಸಗಳಿಂದ. ಎರಡು ಜಾಗದಲ್ಲಿ ತುಂಬಾ ಜನ ಎಡವುತ್ತಾರೆ. ಒಂದು, ಲಿನಕ್ಸ್ ಬರುತ್ತಿಲ್ಲ ಅಂತ ಇನ್‌ಸ್ಟಾಲರ್ ಓಡಿಸಿ, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವ ಆಯ್ಕೆಯನ್ನು ಒತ್ತುವುದು. ಇನ್ನೊಂದು, ವಿಂಡೋಸ್ ಒಳಗೆ ಲಿನಕ್ಸ್ ಪಾರ್ಟಿಷನ್ ಕಂಡಾಗ 'ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳುತ್ತದಲ್ಲ, ಅದಕ್ಕೆ ಹೌದು ಅನ್ನುವುದು. ವಿಂಡೋಸ್‌ಗೆ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಓದಲು ಬರುವುದಿಲ್ಲ, ಅದಕ್ಕೇ ಹಾಗೆ ಕೇಳುತ್ತದೆ, ಅಷ್ಟೇ. ಕ್ಯಾನ್ಸಲ್ ಒತ್ತಿ.

ಹಾಗಾದರೆ ಕೆಟ್ಟಿರುವುದು ಏನು?

ಸಾಲಾಗಿ ನಿಂತವರು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ ಕಂಪ್ಯೂಟರ್ ಶುರುವಾಗುತ್ತದೆ. ಪವರ್ ಬಟನ್ ಒತ್ತಿದ ಕೂಡಲೇ ಏಳುವುದು ಮದರ್‌ಬೋರ್ಡ್‌ನ ಫರ್ಮ್‌ವೇರ್, ಅಂದರೆ ಅದರಲ್ಲೇ ಇರುವ ಸಾಫ್ಟ್‌ವೇರ್. ಅದರ ಸಣ್ಣ ಮೆಮೊರಿಯಲ್ಲಿ ಒಂದು ಬೂಟ್ ಪಟ್ಟಿ ಇರುತ್ತದೆ, ಯಾವ ಡಿಸ್ಕಿನ ಯಾವ ಫೈಲನ್ನು ಮೊದಲು ಓಡಿಸಬೇಕು ಅಂತ. ಈಗಿನ ಯಂತ್ರಗಳಲ್ಲಿ ಆ ಫೈಲ್‌ಗಳು ಇರುವುದು ಇಎಫ್‌ಐ ಪಾರ್ಟಿಷನ್ ಎಂಬ ಚಿಕ್ಕ ಫ್ಯಾಟ್32 ಜಾಗದಲ್ಲಿ. ವಿಂಡೋಸ್ ತಾನೇ ಮಾಡಿಕೊಂಡರೆ ಅದು ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ಅದರೊಳಗೆ ವಿಂಡೋಸ್‌ಗೆ ಮೈಕ್ರೋಸಾಫ್ಟ್ ಎಂಬ ಫೋಲ್ಡರ್, ಉಬುಂಟುಗೆ ಉಬುಂಟು ಎಂಬ ಫೋಲ್ಡರ್, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಲಿನಕ್ಸ್ ಕಡೆ ಮೊದಲು ಶಿಮ್ ಎಂಬ ಸಹಿ ಇರುವ ಚಿಕ್ಕ ಪ್ರೋಗ್ರಾಂ ಏಳುತ್ತದೆ. ಅದು ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್ ಅನ್ನು ಎಬ್ಬಿಸುತ್ತದೆ, ಗ್ರಬ್ ತನ್ನ ಮೆನು ಫೈಲ್ ಓದಿ ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ.

ಈ ಸಾಲಿನಲ್ಲಿ ಎಲ್ಲಿ ನಿಂತಿತು ಅನ್ನುವುದೇ ಮುಖ್ಯ ಪ್ರಶ್ನೆ. ಫರ್ಮ್‌ವೇರ್ ಪಟ್ಟಿಯ ಕ್ರಮ ಬದಲಾಗಿದ್ದರೆ ಎರಡು ನಿಮಿಷದ ಕೆಲಸ. ಶಿಮ್ ತಡೆದಿದ್ದರೆ ಅದು ಸೆಕ್ಯೂರ್ ಬೂಟ್ (ಸರಿಯಾದ ಸಹಿ ಇರುವ ಪ್ರೋಗ್ರಾಂ ಮಾತ್ರ ಏಳಲು ಬಿಡುವ ರಕ್ಷಣೆ) ವಿಷಯ. ಗ್ರಬ್‌ಗೆ ತನ್ನ ಫೈಲ್ ಸಿಗುತ್ತಿಲ್ಲ ಅಂದರೆ ಪಾರ್ಟಿಷನ್ ವಿಷಯ. ಕರ್ನಲ್ ಎದ್ದು ಆಮೇಲೆ ಬಿದ್ದಿದ್ದರೆ ಬೂಟ್‌ಲೋಡರ್ ತಪ್ಪೇ ಇಲ್ಲ. ಇದನ್ನು ಗುರುತಿಸದೆ ಎಲ್ಲೋ ಸಿಕ್ಕ ಕಮಾಂಡ್ ಓಡಿಸಿದರೆ ಸರಿ ಇದ್ದ ಭಾಗವೂ ಕೆಡುತ್ತದೆ. ಆದ್ದರಿಂದ ಮೊದಲು ಪರದೆಯ ಮೇಲಿನ ಸಂದೇಶದ ಫೋಟೋ ತೆಗೆದುಕೊಳ್ಳಿ. ಅಕ್ಷರಶಃ ಆ ಸಾಲೇ ಉತ್ತರ ಹೇಳುತ್ತದೆ.

ನನ್ನದು ಯುಇಎಫ್‌ಐ ರೀತಿಯದಾ, ಹಳೆ ಬಯೋಸ್ ರೀತಿಯದಾ? ಹೇಗೆ ತಿಳಿಯುವುದು?

ಇವೆರಡೂ ಫರ್ಮ್‌ವೇರ್‌ನ ಬಗೆಗಳು: ಯುಇಎಫ್‌ಐ ಹೊಸದು, ಬಯೋಸ್ (ಲೆಗಸಿ) ಹಳೆಯದು. ವಿಂಡೋಸ್ ತೆರೆಯುತ್ತಿದ್ದರೆ ಎಂಎಸ್‌ಇನ್ಫೋ32 ಓಡಿಸಿ, 'ಬಯೋಸ್ ಮೋಡ್' ಎಂಬ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಅಂತ ಇರುತ್ತದೆ. ಲಿನಕ್ಸ್‌ನಲ್ಲಾದರೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಯುಇಎಫ್‌ಐ.

ಇದು ಯಾಕೆ ಬೇಕು ಅಂದರೆ ಎರಡರ ರಿಪೇರಿಯೂ ಬೇರೆ ಬೇರೆ. ಹಳೆ ರೀತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಒಂದೇ ಒಂದು ಬೂಟ್ ಕೋಡ್ ಇರಲು ಸಾಧ್ಯ. ಅದಕ್ಕೆ ಸಿಗುವುದು 446 ಬೈಟ್, ಉಳಿದದ್ದು ಪಾರ್ಟಿಷನ್ ಪಟ್ಟಿ ಮತ್ತು ಕೊನೆಯ ಎರಡು ಬೈಟ್‌ಗಳ ಗುರುತು. ಹಾಗಾಗಿ ವಿಂಡೋಸ್ ಅಲ್ಲಿ ಬರೆದರೆ ಗ್ರಬ್ ಅಳಿಸಿಹೋಗುತ್ತದೆ. ಯುಇಎಫ್‌ಐನಲ್ಲಿ ಇಬ್ಬರಿಗೂ ಬೇರೆ ಬೇರೆ ಫೋಲ್ಡರ್ ಇರುವುದರಿಂದ ಗ್ರಬ್ ಅಲ್ಲೇ ಇರುತ್ತದೆ, ಅದನ್ನು ಕರೆಯುವವರು ಇಲ್ಲ, ಅಷ್ಟೇ.

ಇನ್ನೊಂದು ಮಾತು. ಲೈವ್ ಪೆನ್‌ಡ್ರೈವ್ ಕೂಡ ಅದೇ ರೀತಿಯಲ್ಲಿ ಶುರುವಾಗಿರಬೇಕು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಹೆಸರಿನ ಮುಂದೆ ಯುಇಎಫ್‌ಐ ಅಂತ ಇರುವುದನ್ನು ಆರಿಸಿ. ಯುಇಎಫ್‌ಐ ಯಂತ್ರದಲ್ಲಿ ಲೆಗಸಿ ರೀತಿಯಲ್ಲಿ ಪೆನ್‌ಡ್ರೈವ್ ಶುರು ಮಾಡಿ ಗ್ರಬ್ ಹಾಕಲು ಹೋದರೆ 'ಇಎಫ್‌ಐ ವೇರಿಯಬಲ್ಸ್' ಸಿಗುತ್ತಿಲ್ಲ ಅನ್ನುವ ದೂರು ಬರುತ್ತದೆ. ಜನ ಗಂಟೆಗಟ್ಟಲೆ ಒದ್ದಾಡುವುದು ಇಲ್ಲೇ.

ಗ್ರಬ್ ಮೆನು ಬರುತ್ತಿಲ್ಲ, ಸುಮ್ನೆ ನೇರವಾಗಿ ವಿಂಡೋಸ್‌ಗೆ ಹೋಗುತ್ತದೆ. ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಕಾಣುವ ತೊಂದರೆ ಇದು, ಎಲ್ಲಕ್ಕಿಂತ ಸುಲಭವಾದದ್ದೂ ಇದೇ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದಾಗ ಅದು ತನ್ನ ಬೂಟ್ ಮ್ಯಾನೇಜರನ್ನು ಪಟ್ಟಿಯ ಮೊದಲಿಗೆ ತಂದಿಟ್ಟುಕೊಂಡಿರಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿ ಒತ್ತಿ. ತಯಾರಕರನ್ನು ನೋಡಿಕೊಂಡು ಅದು ಎಫ್12, ಎಫ್9, ಎಫ್8 ಅಥವಾ ಎಸ್ಕೇಪ್ ಆಗಿರುತ್ತದೆ. ಪಟ್ಟಿಯಲ್ಲಿ ನಿಮ್ಮ ಲಿನಕ್ಸ್ ಹೆಸರು ಇದೆಯಾ? ಆರಿಸಿ. ಲಿನಕ್ಸ್ ಎದ್ದರೆ ಬೂಟ್‌ಲೋಡರ್‌ಗೆ ಏನೂ ಆಗಿಲ್ಲ.

ಇನ್ನು ಕ್ರಮ ಸರಿಮಾಡುವುದು. ಫರ್ಮ್‌ವೇರ್ ಸೆಟ್ಟಿಂಗ್ಸ್ ಒಳಗೆ ಹೋಗಿ ಬೂಟ್ ಆರ್ಡರ್‌ನಲ್ಲಿ ಲಿನಕ್ಸ್ ಅನ್ನು ಮೇಲಕ್ಕೆ ತನ್ನಿ, ಅಥವಾ ಲಿನಕ್ಸ್ ಒಳಗಿನಿಂದಲೇ ಇಎಫ್‌ಐಬೂಟ್‌ಎಂಜಿಆರ್ ಕಮಾಂಡ್ ಓಡಿಸಿ. ಸುಮ್ಮನೆ ಓಡಿಸಿದರೆ ಪಟ್ಟಿ ತೋರಿಸುತ್ತದೆ, ಒಂದೊಂದಕ್ಕೆ 0000, 0001 ಎಂಬಂಥ ನಾಲ್ಕು ಅಂಕಿಯ ಗುರುತು ಇರುತ್ತದೆ. ಮೈನಸ್ ಓ ಆಯ್ಕೆಯ ಜೊತೆ ಆ ಗುರುತುಗಳನ್ನು ಬೇಕಾದ ಕ್ರಮದಲ್ಲಿ ಅಲ್ಪವಿರಾಮ ಹಾಕಿ ಕೊಟ್ಟರೆ ಆಯಿತು.

ಕೀಲಿ ಒತ್ತಲು ಸಮಯವೇ ಸಿಗದಷ್ಟು ಬೇಗ ವಿಂಡೋಸ್ ಬರುತ್ತದೆಯಾ? ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ 'ಯೂಸ್ ಎ ಡಿವೈಸ್' ಒಳಗೆ ಲಿನಕ್ಸ್ ಹೆಸರು ಇರಬಹುದು. ಇಲ್ಲದಿದ್ದರೆ ಟ್ರಬಲ್‌ಶೂಟ್ ಒಳಗಿನಿಂದ ಯುಇಎಫ್‌ಐ ಸೆಟ್ಟಿಂಗ್ಸ್‌ಗೆ ಹೋಗಬಹುದು.

ಕ್ರಮ ಸರಿಮಾಡಿದರೂ ಮತ್ತೆ ಮತ್ತೆ ವಿಂಡೋಸೇ ಮೇಲೆ ಬಂದು ಕೂರುತ್ತದೆ.

ಕೆಲವು ಫರ್ಮ್‌ವೇರ್‌ಗಳು ನೀವು ಕೊಟ್ಟ ಕ್ರಮವನ್ನು ಗೌರವಿಸುವುದಿಲ್ಲ. ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನುವ ಹೆಸರನ್ನೇ ಹುಡುಕಿ ಓಡಿಸುವಂಥವೂ ಇವೆ. ಇದು ತಯಾರಕರ ತಪ್ಪು, ನಿಮ್ಮದಲ್ಲ. ಮೊದಲು ಫರ್ಮ್‌ವೇರ್‌ಗೆ ಹೊಸ ಆವೃತ್ತಿ ಇದೆಯಾ ನೋಡಿ. ಆಗಲಿಲ್ಲ ಅಂದರೆ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಬಿಸಿಡಿಎಡಿಟ್ ಕಮಾಂಡ್ ಮೂಲಕ ಬೂಟ್‌ಎಂಜಿಆರ್‌ನ (ವಿಂಡೋಸ್ ಬೂಟ್ ಮ್ಯಾನೇಜರಿನ) ಪಾತ್ ಅನ್ನು ಉಬುಂಟು ಫೋಲ್ಡರಿನ ಶಿಮ್‌ಎಕ್ಸ್64 ಫೈಲಿಗೆ ತಿರುಗಿಸಬಹುದು. ಆಗ ವಿಂಡೋಸ್ ಹೆಸರಿನಲ್ಲೇ ಗ್ರಬ್ ಏಳುತ್ತದೆ. ಮಾಡುವ ಮೊದಲು ಹಳೆಯ ಪಾತ್ ಬರೆದಿಟ್ಟುಕೊಳ್ಳಿ: ಮೈಕ್ರೋಸಾಫ್ಟ್ ಫೋಲ್ಡರಿನೊಳಗೆ ಬೂಟ್, ಅದರೊಳಗೆ ಬೂಟ್‌ಎಂಜಿಎಫ್‌ಡಬ್ಲ್ಯು. ವಾಪಸ್ ಬರಲು ಅದು ಬೇಕು. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ, ಅಂದರೆ ಎನ್‌ಕ್ರಿಪ್ಶನ್) ಇದ್ದರೆ ಅದರ ಪ್ರಶ್ನೆಯನ್ನು ಕೆಳಗೆ ಓದದೆ ಇದಕ್ಕೆ ಕೈ ಹಾಕಬೇಡಿ.

ವಿಂಡೋಸ್‌ನ ಬೂಟ್ ಫೈಲ್ ಅಳಿಸಿ ಅದೇ ಹೆಸರಿನಲ್ಲಿ ಗ್ರಬ್ ಇಡುವ ಸಲಹೆಯೂ ಅಲ್ಲಲ್ಲಿ ಸಿಗುತ್ತದೆ. ಬೇಡ. ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಬರೆಯುತ್ತದೆ, ನೀವು ಮತ್ತೆ ಇಲ್ಲಿಗೇ ಬರುತ್ತೀರಿ.

ಬಯೋಸ್ ಅಪ್‌ಡೇಟ್ ಮಾಡಿದೆ, ಬೂಟ್ ಪಟ್ಟಿಯಲ್ಲಿ ಲಿನಕ್ಸ್ ಹೆಸರೇ ಇಲ್ಲ.

ಫರ್ಮ್‌ವೇರ್ ಹೊಸದಾದಾಗ ಅದರ ಮೆಮೊರಿಯಲ್ಲಿದ್ದ ಪಟ್ಟಿ ಅಳಿಸಿಹೋಗುವುದುಂಟು. ವಿಂಡೋಸ್ ಅನ್ನು ಅದು ತಾನಾಗಿಯೇ ಹುಡುಕಿಕೊಳ್ಳುತ್ತದೆ, ಲಿನಕ್ಸ್ ಅನ್ನು ಹುಡುಕುವುದಿಲ್ಲ. ಫೈಲ್‌ಗಳು ಡಿಸ್ಕಿನಲ್ಲಿ ಹಾಗೇ ಇರುತ್ತವೆ. ಕೆಲವು ಫರ್ಮ್‌ವೇರ್‌ಗಳಲ್ಲಿ ಹೊಸ ಬೂಟ್ ಆಯ್ಕೆ ಸೇರಿಸುವ ಜಾಗ ಇರುತ್ತದೆ, ಅಲ್ಲಿ ಇಎಫ್‌ಐ ಪಾರ್ಟಿಷನ್ ತೆರೆದು ಶಿಮ್‌ಎಕ್ಸ್64 ಫೈಲ್ ತೋರಿಸಿ. ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಇಎಫ್‌ಐಬೂಟ್‌ಎಂಜಿಆರ್‌ಗೆ ಮೈನಸ್ ಸಿ ಕೊಟ್ಟು, ಡಿಸ್ಕ್, ಪಾರ್ಟಿಷನ್ ಸಂಖ್ಯೆ, ಹೆಸರು, ಫೈಲಿನ ದಾರಿ ಹೇಳಿ ಹೊಸ ಸಾಲು ಸೇರಿಸಿ.

ಅದೇ ಸಮಯದಲ್ಲಿ ಇನ್ನೊಂದನ್ನೂ ನೋಡಿ. ಬಯೋಸ್ ಅಪ್‌ಡೇಟ್ ಉಳಿದ ಸೆಟ್ಟಿಂಗ್‌ಗಳನ್ನೂ ಮೊದಲಿನಂತೆ ಮಾಡಿಬಿಟ್ಟಿರಬಹುದು. ಡಿಸ್ಕ್ ಜೊತೆ ಮಾತಾಡುವ ರೀತಿ (ಮೋಡ್) ಎಎಚ್‌ಸಿಐನಿಂದ ರೇಡ್‌ಗೆ ಬದಲಾದರೆ ವಿಂಡೋಸ್ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನೀಲಿ ಪರದೆ ತೋರಿಸುತ್ತದೆ, ಲಿನಕ್ಸ್‌ಗೆ ಡಿಸ್ಕೇ ಕಾಣದಿರಬಹುದು. ಅದನ್ನು ಮೊದಲು ಇದ್ದಂತೆ ಇಟ್ಟರೆ ಎರಡೂ ಏಳುತ್ತವೆ. ಯಾವ ಕಮಾಂಡೂ ಬೇಕಾಗುವುದಿಲ್ಲ.

ಲಿನಕ್ಸ್ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನುವಿನಲ್ಲಿ ವಿಂಡೋಸ್ ಇಲ್ಲ!

2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಅನ್ನು ಭದ್ರತೆಯ ಕಾರಣಕ್ಕೆ ಮೊದಲೇ ಆಫ್ ಮಾಡಿ ಕೊಡುತ್ತಾರೆ. ಹಾಗಾಗಿ ಅಪ್‌ಡೇಟ್ ಆಗಿ ಮೆನು ಹೊಸದಾಗಿ ತಯಾರಾದಾಗ ವಿಂಡೋಸ್ ಸಾಲು ಮಾಯವಾಗುತ್ತದೆ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್ ತೆರೆದು ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಎಂಬ ಸಾಲಿಗೆ ಫಾಲ್ಸ್ ಎಂದು ಕೊಡಿ. ಹೆಸರು ದೊಡ್ಡಕ್ಷರದಲ್ಲಿ, ಫಾಲ್ಸ್ ಸಣ್ಣಕ್ಷರದಲ್ಲಿ. ಓಎಸ್-ಪ್ರೋಬರ್ ಪ್ಯಾಕೇಜ್ ಇದೆಯಾ ನೋಡಿಕೊಂಡು ಅಪ್‌ಡೇಟ್-ಗ್ರಬ್ ಓಡಿಸಿ. ಫೆಡೋರಾದಲ್ಲಾದರೆ ಗ್ರಬ್2-ಎಂಕೆಕಾನ್ಫಿಗ್.

ಆಮೇಲೂ ಕಾಣದಿದ್ದರೆ ವಿಂಡೋಸ್ ಒಂದು ರೀತಿಯಲ್ಲಿ, ಲಿನಕ್ಸ್ ಇನ್ನೊಂದು ರೀತಿಯಲ್ಲಿ ಇನ್‌ಸ್ಟಾಲ್ ಆಗಿದೆಯಾ ಪರೀಕ್ಷಿಸಿ. ಯುಇಎಫ್‌ಐ ಗ್ರಬ್ ಲೆಗಸಿ ವಿಂಡೋಸ್ ಅನ್ನು ಎಬ್ಬಿಸಲಾರದು, ಅದು ಹಾಗೇ.

'ಗ್ರಬ್ ರೆಸ್ಕ್ಯೂ' ಎಂದು ಬಂದು ನಿಂತಿದೆ. ಏನಿದು?

ಗ್ರಬ್‌ನ ಮೊದಲ ತುಣುಕು ಎದ್ದಿದೆ, ಆದರೆ ತನ್ನ ಉಳಿದ ಫೈಲ್‌ಗಳು ಅದಕ್ಕೆ ಸಿಕ್ಕಿಲ್ಲ. ಮೇಲೆ 'ನೋ ಸಚ್ ಪಾರ್ಟಿಷನ್' ಅಥವಾ 'ಅನ್‌ನೋನ್ ಫೈಲ್‌ಸಿಸ್ಟಮ್' ಅಂತ ಇರುತ್ತದೆ. ಲಿನಕ್ಸ್ ಪಾರ್ಟಿಷನ್ ಅಳಿಸಿದವರಿಗೆ ಇದು ಬರುತ್ತದೆ. ಏನೂ ಅಳಿಸದಿದ್ದರೂ ಬರಬಹುದು. ವಿಂಡೋಸ್ ದೊಡ್ಡ ಅಪ್‌ಡೇಟ್ ಮಾಡುವಾಗ ಕೆಲವೊಮ್ಮೆ ತನಗೊಂದು ರಿಕವರಿ ಪಾರ್ಟಿಷನ್ ಹೊಸದಾಗಿ ಮಾಡಿಕೊಳ್ಳುತ್ತದೆ. ಆಗ ಪಾರ್ಟಿಷನ್‌ಗಳ ಸಂಖ್ಯೆ ಬದಲಾಗಿ, ಐದನೆಯದು ಆರನೆಯದಾಗಿ, ಗ್ರಬ್ ಹಳೆಯ ಸಂಖ್ಯೆಯಲ್ಲೇ ಹುಡುಕುತ್ತಾ ಕೂರುತ್ತದೆ.

ಇಲ್ಲಿಂದಲೇ ಹೊರಬರಬಹುದು. ಎಲ್ಎಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಡಿಸ್ಕ್‌ಗಳ ಮತ್ತು ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ, (ಎಚ್‌ಡಿ0,ಜಿಪಿಟಿ2) ಈ ಥರ. ಒಂದೊಂದರ ಒಳಗೂ ನೋಡಿ: ಎಲ್ಎಸ್ ಬರೆದು ಜಾಗ ಬಿಟ್ಟು ಆ ಹೆಸರು, ಅದರ ಹಿಂದೆಯೇ /ಬೂಟ್/ಗ್ರಬ್. ಎಲ್ಲಿ ಫೈಲ್‌ಗಳು ಕಾಣುತ್ತವೋ ಅದೇ ನಿಮ್ಮ ಪಾರ್ಟಿಷನ್. ಬೂಟ್‌ಗೆ ಬೇರೆಯೇ ಪಾರ್ಟಿಷನ್ ಮಾಡಿದ್ದವರಿಗೆ ಬರೀ /ಗ್ರಬ್ ಇರುತ್ತದೆ. ಸಿಕ್ಕಿತಾ? ಈಗ ಸೆಟ್ ಕಮಾಂಡಿನಿಂದ ರೂಟ್‌ಗೆ ಆ ಪಾರ್ಟಿಷನ್ ಹೆಸರು ಕೊಡಿ, ಪ್ರಿಫಿಕ್ಸ್‌ಗೆ ಆ ಹೆಸರಿನ ಜೊತೆ ಗ್ರಬ್ ಫೋಲ್ಡರ್ ದಾರಿ ಕೊಡಿ. ಆಮೇಲೆ ಇನ್ಸ್‌ಮಾಡ್ ನಾರ್ಮಲ್, ಕೊನೆಗೆ ನಾರ್ಮಲ್. ಮೆನು ಬರುತ್ತದೆ.

ಇದು ಈ ಒಂದು ಸಲಕ್ಕೆ ಮಾತ್ರ. ಲಿನಕ್ಸ್ ಎದ್ದ ಕೂಡಲೇ ಟರ್ಮಿನಲ್ ತೆರೆದು ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ಎರಡನ್ನೂ ಓಡಿಸಿ. ಹಳೆ ಬಯೋಸ್ ಆದರೆ ಗ್ರಬ್-ಇನ್‌ಸ್ಟಾಲ್‌ಗೆ ಡಿಸ್ಕ್ ಹೆಸರು ಕೊಡಬೇಕು: ಎಸ್‌ಡಿಎ ಎಂದು, ಎಸ್‌ಡಿಎ1 ಎಂದಲ್ಲ.

ಬರೀ 'ಗ್ರಬ್>' ಅಂತ ಬಂದಿದೆ, ರೆಸ್ಕ್ಯೂ ಅಂತ ಇಲ್ಲ. ಎರಡೂ ಒಂದೇ ಅಲ್ವಾ?

ಅಲ್ಲ. ಇದು ಸ್ವಲ್ಪ ಒಳ್ಳೆಯ ಸ್ಥಿತಿ. ಗ್ರಬ್ ಪೂರ್ತಿ ಎದ್ದಿದೆ, ಮೆನು ಫೈಲ್ ಮಾತ್ರ ಸಿಕ್ಕಿಲ್ಲ. ಮೇಲೆ ಹೇಳಿದಂತೆ ಎಲ್ಎಸ್ ಮಾಡಿ ಪಾರ್ಟಿಷನ್ ಹುಡುಕಿ, ಕಾನ್ಫಿಗ್‌ಫೈಲ್ ಕಮಾಂಡಿಗೆ ಗ್ರಬ್.ಸಿಎಫ್‌ಜಿ ಫೈಲಿನ ಪೂರ್ತಿ ದಾರಿ ಕೊಟ್ಟರೆ ಮೆನು ತೆರೆಯುತ್ತದೆ.

ಅಂದಹಾಗೆ, ಅಡಗಿಸಿಟ್ಟ ಮೆನು ತರಿಸಲು ಎಸ್ಕೇಪ್ ಕೀಲಿಯನ್ನು ಪದೇ ಪದೇ ಒತ್ತಿದರೂ ಇದೇ ಪರದೆ ಬರುತ್ತದೆ. ಆಗ ಏನೂ ಕೆಟ್ಟಿರುವುದಿಲ್ಲ. ನಾರ್ಮಲ್ ಎಂದು ಬರೆದು ಎಂಟರ್ ಒತ್ತಿ, ತಕ್ಷಣ ಒಂದೇ ಒಂದು ಸಲ ಎಸ್ಕೇಪ್ ಒತ್ತಿ.

'ವೆರಿಫೈಯಿಂಗ್ ಶಿಮ್ ಎಸ್‌ಬ್ಯಾಟ್ ಡೇಟಾ ಫೇಲ್ಡ್' ಎಂದು ಬಂದು ಕಂಪ್ಯೂಟರ್ ಆಫ್ ಆಗುತ್ತದೆ.

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ತುಂಬಾ ಜನರಿಗೆ ಬಂದದ್ದು ಇದೇ. ಎಸ್‌ಬ್ಯಾಟ್ ಎಂದರೆ ಭದ್ರತಾ ದೋಷ ಇರುವ ಹಳೆಯ ಬೂಟ್‌ಲೋಡರ್‌ಗಳನ್ನು ಆವೃತ್ತಿ ಸಂಖ್ಯೆ ನೋಡಿ ತಡೆಯುವ ವ್ಯವಸ್ಥೆ. ಆ ಅಪ್‌ಡೇಟ್ ಫರ್ಮ್‌ವೇರ್‌ನಲ್ಲಿ ಕನಿಷ್ಠ ಆವೃತ್ತಿಯನ್ನು ಏರಿಸಿತು. ಡ್ಯುಯಲ್ ಬೂಟ್ ಯಂತ್ರಗಳಿಗೆ ಅದು ಅನ್ವಯಿಸುವುದಿಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು, ಆದರೆ ಎಷ್ಟೋ ಯಂತ್ರಗಳಲ್ಲಿ ಡ್ಯುಯಲ್ ಬೂಟ್ ಇರುವುದೇ ಅದಕ್ಕೆ ಗೊತ್ತಾಗಲಿಲ್ಲ. ಆಮೇಲೆ ಆ ಕ್ರಮವನ್ನು ನಿಲ್ಲಿಸಿದರು, ತೊಂದರೆ ಪೂರ್ತಿ ಬಗೆಹರಿದದ್ದು 2025ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ. ಬಳಸುವವರ ದೃಷ್ಟಿಯಿಂದ ನೋಡಿದರೆ ಇದು ತುಂಬಾ ತಡವಾಯಿತು ಅನ್ನಲೇಬೇಕು.

ದಾರಿ ಹೀಗಿದೆ. ಫರ್ಮ್‌ವೇರ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡೇ ಮಾಡಿ. ಲಿನಕ್ಸ್ ಏಳುತ್ತದೆ. ಮೊದಲು ಸಿಸ್ಟಮ್ ಪೂರ್ತಿ ಅಪ್‌ಡೇಟ್ ಮಾಡಿ, ಅದರಲ್ಲಿ ಶಿಮ್ ಮತ್ತು ಗ್ರಬ್‌ನ ಹೊಸ ಆವೃತ್ತಿ ಬಂದರೆ ಅದೇ ಸರಿಯಾದ ಪರಿಹಾರ. ಬರಲಿಲ್ಲ ಅಂದರೆ ಸುಡೋ ಮೋಕ್‌ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್ ಎಂದು ಓಡಿಸಿ. ಸೆಕ್ಯೂರ್ ಬೂಟ್ ಆಫ್ ಇರುವಾಗಲೇ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಲಿನಕ್ಸ್‌ಗೇ ಬನ್ನಿ, ಬದಲಾವಣೆ ಜಾರಿಗೆ ಬರುವುದು ಆಗಲೇ. ಇದನ್ನು ಬಿಟ್ಟುಬಿಟ್ಟು 'ಕೆಲಸ ಮಾಡಲಿಲ್ಲ' ಅನ್ನುವವರು ಬಹಳ. ಆಮೇಲೆ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ.

ಆಫ್ ಮಾಡಿಯೇ ಬಿಟ್ಟರೆ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಎರಡೂ ಸಿಸ್ಟಮ್ ನಡೆಯುತ್ತವೆ, ನಿಜ. ಆದರೆ ಆ ರಕ್ಷಣೆ ಇರುವುದಕ್ಕೆ ಕಾರಣ ಇದೆ. 2020ರಲ್ಲಿ ಬೂಟ್‌ಹೋಲ್ ಎಂಬ ಗ್ರಬ್ ದೋಷ ಹೊರಬಿದ್ದಾಗ ಸೆಕ್ಯೂರ್ ಬೂಟ್ ಅನ್ನೇ ದಾಟಿ ಹೋಗಬಹುದು ಅಂತ ಗೊತ್ತಾಗಿತ್ತು. ಸಹಿ ಇರುವ ಶಿಮ್ ಕೊಡುವ ಉಬುಂಟು, ಫೆಡೋರಾ, ಡೆಬಿಯನ್ ಬಳಸುವವರು ಅದನ್ನು ಆನ್ ಇಟ್ಟುಕೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಲೈವ್ ಪೆನ್‌ಡ್ರೈವ್‌ನಿಂದ ಗ್ರಬ್ ಮತ್ತೆ ಹಾಕುವುದು ಹೇಗೆ?

ಉಬುಂಟು, ಮಿಂಟ್, ಡೆಬಿಯನ್‌ಗೆ ಇದು ಹೊಂದುತ್ತದೆ. ನಿಮ್ಮಲ್ಲಿ ಯಾವ ಆವೃತ್ತಿ ಇದೆಯೋ ಅದೇ ಅಥವಾ ಅದಕ್ಕಿಂತ ಹೊಸ ಪೆನ್‌ಡ್ರೈವ್ ಬಳಸಿ.

ಮೊದಲು ಎಲ್ಎಸ್‌ಬಿಎಲ್‌ಕೆ ಮೈನಸ್ ಎಫ್ ಓಡಿಸಿ ಯಾವ ಪಾರ್ಟಿಷನ್ ಯಾವುದು ಅಂತ ಗುರುತಿಸಿ. ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಇರುವ ದೊಡ್ಡದು ಲಿನಕ್ಸ್ ರೂಟ್ (ಸಿಸ್ಟಮ್ ಇರುವ ಪಾರ್ಟಿಷನ್), ವಿಫ್ಯಾಟ್ ಇರುವ ಚಿಕ್ಕದು ಇಎಫ್‌ಐ. ಎರಡು ಡಿಸ್ಕ್ ಇದ್ದರೆ ಎರಡರಲ್ಲೂ ಇಎಫ್‌ಐ ಪಾರ್ಟಿಷನ್ ಇರಬಹುದು. ನಿಮ್ಮ ಲಿನಕ್ಸ್ ಯಾವುದನ್ನು ಬಳಸುತ್ತಿತ್ತು ಅಂತ ರೂಟ್ ಒಳಗಿನ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲ್ ಹೇಳುತ್ತದೆ. ಲಿನಕ್ಸ್ ಎನ್‌ಕ್ರಿಪ್ಟ್ ಆಗಿದ್ದರೆ ಮೊದಲು ಕ್ರಿಪ್ಟ್‌ಸೆಟಪ್ ಓಪನ್ ಮಾಡಿ ಪಾಸ್‌ವರ್ಡ್ ಕೊಟ್ಟು ತೆರೆಯಬೇಕು.

ಆಮೇಲೆ ರೂಟ್ ಅನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿ, ಅಂದರೆ ಆ ಫೋಲ್ಡರಿಗೆ ಜೋಡಿಸಿ. ಬೂಟ್ ಬೇರೆ ಇದ್ದರೆ ಅದನ್ನು /ಎಂಎನ್‌ಟಿ/ಬೂಟ್ ಮೇಲೆ, ಇಎಫ್‌ಐ ಅನ್ನು /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ. ಕ್ರಮ ಮುಖ್ಯ, ರೂಟ್ ಮೊದಲು. ಬಿಟಿಆರ್‌ಎಫ್‌ಎಸ್‌ನಲ್ಲಿ ರೂಟ್ ಒಂದು ಸಬ್‌ವಾಲ್ಯೂಮ್ ಒಳಗೆ ಇರುತ್ತದೆ, ಅದನ್ನು ಹೆಸರು ಹೇಳಿ ಮೌಂಟ್ ಮಾಡದಿದ್ದರೆ ಮುಂದಿನದು ಯಾವುದೂ ನಡೆಯುವುದಿಲ್ಲ. ನಂತರ ಡೆವ್, ಪ್ರಾಕ್, ಸಿಸ್, ರನ್ ಈ ನಾಲ್ಕನ್ನೂ ಆರ್‌ಬೈಂಡ್ ಆಯ್ಕೆ ಹಾಕಿ ಒಳಗೆ ಸೇರಿಸಿ. ಬರೀ ಬೈಂಡ್ ಹಾಕಿದರೆ ಸಿಸ್ ಒಳಗಿನ ಇಎಫ್‌ಐವಾರ್ಸ್ ಬರುವುದಿಲ್ಲ, ಫರ್ಮ್‌ವೇರ್ ಪಟ್ಟಿಗೆ ಹೆಸರು ಸೇರಿಸಲು ಅದು ಬೇಕೇ ಬೇಕು.

ಈಗ ಸುಡೋ ಸಿಎಚ್‌ರೂಟ್ /ಎಂಎನ್‌ಟಿ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ನಿಮ್ಮ ಇನ್‌ಸ್ಟಾಲ್ ಆದ ಸಿಸ್ಟಮ್‌ನೊಳಗೇ ನಡೆಯುತ್ತದೆ. ಗ್ರಬ್-ಇನ್‌ಸ್ಟಾಲ್ ಓಡಿಸಿ, 'ನೋ ಎರರ್ ರಿಪೋರ್ಟೆಡ್' ಅಂತ ಬರಬೇಕು. ಅಪ್‌ಡೇಟ್-ಗ್ರಬ್ ಓಡಿಸಿ, ಕರ್ನಲ್‌ಗಳ ಹೆಸರು ಕಾಣಬೇಕು. ಎಕ್ಸಿಟ್ ಮಾಡಿ ರೀಸ್ಟಾರ್ಟ್.

ಫೆಡೋರಾ ಅಥವಾ ಆರ್ಚ್ ಇದ್ದರೆ?

ಯುಇಎಫ್‌ಐ ಇರುವ ಫೆಡೋರಾದಲ್ಲಿ ಗ್ರಬ್2-ಇನ್‌ಸ್ಟಾಲ್ ಓಡಿಸಬೇಡಿ. ಅದು ತಯಾರಿಸುವ ಫೈಲಿಗೆ ಸಹಿ ಇರುವುದಿಲ್ಲ, ಸೆಕ್ಯೂರ್ ಬೂಟ್ ತಡೆಯುತ್ತದೆ. ಸಿಎಚ್‌ರೂಟ್ ಒಳಗಿನಿಂದ ಡಿಎನ್‌ಎಫ್ ಮೂಲಕ ಶಿಮ್, ಗ್ರಬ್2-ಇಎಫ್‌ಐ ಮತ್ತು ಗ್ರಬ್2-ಕಾಮನ್ ಪ್ಯಾಕೇಜ್‌ಗಳನ್ನು ರೀಇನ್‌ಸ್ಟಾಲ್ ಮಾಡಿ, ಸಹಿ ಇರುವ ಫೈಲ್‌ಗಳು ತಮ್ಮ ಜಾಗಕ್ಕೆ ಬರುತ್ತವೆ.

ಆರ್ಚ್‌ನಲ್ಲಿ ಗ್ರಬ್ ಪ್ಯಾಕೇಜ್ ಅಪ್‌ಡೇಟ್ ಆದರೂ ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಗ್ರಬ್ ಹಳೆಯದೇ ಉಳಿಯುತ್ತದೆ. 2022ರ ಆಗಸ್ಟ್‌ನಲ್ಲಿ ಹೊಸ ಮೆನು ಫೈಲ್ ಹಳೆ ಗ್ರಬ್‌ಗೆ ಅರ್ಥವಾಗದೆ ಆರ್ಚ್ ಮತ್ತು ಅದರಿಂದ ಹುಟ್ಟಿದ ಸಿಸ್ಟಮ್‌ಗಳಲ್ಲಿ ಎಷ್ಟೋ ಯಂತ್ರಗಳು ಏಳದೆ ನಿಂತವು. ಆದ್ದರಿಂದ ಅಲ್ಲಿ ಗ್ರಬ್ ಅಪ್‌ಡೇಟ್ ಬಂದಾಗ ಗ್ರಬ್-ಇನ್‌ಸ್ಟಾಲ್ ಮತ್ತು ಗ್ರಬ್-ಎಂಕೆಕಾನ್ಫಿಗ್ ಎರಡನ್ನೂ ಜೊತೆಯಾಗಿ ಓಡಿಸಿ. ಪೆನ್‌ಡ್ರೈವ್‌ನಿಂದಾದರೆ ಆರ್ಚ್-ಸಿಎಚ್‌ರೂಟ್ ಇದೆ, ಮೌಂಟ್‌ನ ಅರ್ಧ ಕೆಲಸ ಅದೇ ಮಾಡುತ್ತದೆ.

'ಸಿಂಬಲ್ ಗ್ರಬ್_ಕ್ಯಾಲಾಕ್ ನಾಟ್ ಫೌಂಡ್' ಎಂದು ಬರುತ್ತಿದೆ.

ಇದೂ ಅದೇ ಜಾತಿಯ ತೊಂದರೆ. ಗ್ರಬ್‌ನ ಒಂದು ತುಣುಕು ಹಳೆಯದು, ಇನ್ನೊಂದು ಹೊಸದು. ಹಳೆ ಬಯೋಸ್ ಯಂತ್ರಗಳಲ್ಲಿ ಎರಡು ಡಿಸ್ಕ್ ಇದ್ದು ಅಪ್‌ಡೇಟ್ ತಪ್ಪು ಡಿಸ್ಕಿಗೆ ಗ್ರಬ್ ಬರೆದಾಗ ಹೀಗಾಗುತ್ತದೆ. ಬೂಟ್ ಮೆನುವಿನಿಂದ ಇನ್ನೊಂದು ಡಿಸ್ಕ್ ಆರಿಸಿ ನೋಡಿ, ಲಿನಕ್ಸ್ ಏಳಬಹುದು. ಎದ್ದ ಮೇಲೆ ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ ಓಡಿಸಿ, ಯಾವ ಡಿಸ್ಕಿಗೆ ಹಾಕಬೇಕು ಅಂತ ಕೇಳಿದಾಗ ಕಂಪ್ಯೂಟರ್ ನಿಜವಾಗಿ ಶುರುವಾಗುವ ಡಿಸ್ಕಿಗೆ ಗುರುತು ಹಾಕಿ.

ಲಿನಕ್ಸ್ ಸರಿ ಇದೆ, ವಿಂಡೋಸ್‌ನ ಬೂಟ್ ಫೈಲ್‌ಗಳೇ ಹೋಗಿವೆ.

ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಶುರು ಮಾಡಿ, ರಿಪೇರಿ ಆಯ್ಕೆಯಿಂದ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ. ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ವಾಲ್ಯೂಮ್ ಮಾಡಿ, ಚಿಕ್ಕ ಫ್ಯಾಟ್32 ವಾಲ್ಯೂಮ್ ಆರಿಸಿ, ಅಸೈನ್ ಮೂಲಕ ಅದಕ್ಕೊಂದು ಅಕ್ಷರ ಕೊಡಿ, ಎಸ್ ಅಂತ ಇಟ್ಟುಕೊಳ್ಳೋಣ. ಅಲ್ಲಿಂದ ಹೊರಬಂದು ಬಿಸಿಡಿಬೂಟ್ ಕಮಾಂಡಿಗೆ ವಿಂಡೋಸ್ ಫೋಲ್ಡರ್, ಎಸ್ ಡ್ರೈವ್, ಯುಇಎಫ್‌ಐ ಈ ಮೂರನ್ನೂ ಹೇಳಿ ಓಡಿಸಿ. ರಿಪೇರಿ ಪರದೆಯಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಆಗಿಲ್ಲದೆ ಡಿ ಆಗಿರಬಹುದು, ಮೊದಲು ಡಿಐಆರ್ ಮಾಡಿ ನೋಡಿಕೊಳ್ಳಿ.

ಎಲ್ಲ ಕಡೆ ಹೇಳುವ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಹಳೆ ಬಯೋಸ್‌ಗೆ ಮಾತ್ರ ಉಪಯೋಗ. ಅದು ಗ್ರಬ್ ಇದ್ದ ಜಾಗದ ಮೇಲೇ ಬರೆಯುತ್ತದೆ ಅನ್ನುವುದು ನೆನಪಿರಲಿ. ಯುಇಎಫ್‌ಐನಲ್ಲಿ ಬೂಟ್‌ರೆಕ್ ಫಿಕ್ಸ್‌ಬೂಟ್ ಮಾಡಿದರೆ 'ಆಕ್ಸೆಸ್ ಈಸ್ ಡಿನೈಡ್' ಅಂತ ಬರುವುದು ತೀರಾ ಸಾಮಾನ್ಯ. ಅದರ ಹಿಂದೆ ಬೀಳಬೇಡಿ, ಬಿಸಿಡಿಬೂಟ್ ಸಾಕು.

ಸೆಟ್ಟಿಂಗ್ ಬದಲಿಸಿದೆ, ವಿಂಡೋಸ್ ಬಿಟ್‌ಲಾಕರ್ ಕೀ ಕೇಳುತ್ತಿದೆ!

ಸೆಕ್ಯೂರ್ ಬೂಟ್ ಅಥವಾ ಬೂಟ್ ದಾರಿ ಬದಲಾದರೆ ಬಿಟ್‌ಲಾಕರ್‌ಗೆ ಅನುಮಾನ ಬರುತ್ತದೆ, ಅದರ ಕೆಲಸವೇ ಅದು. 48 ಅಂಕಿಗಳ ರಿಕವರಿ ಕೀ ಕೊಡಬೇಕು. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಆ ಖಾತೆಯಲ್ಲೇ ಸಾಮಾನ್ಯವಾಗಿ ಸಿಗುತ್ತದೆ. ಕಚೇರಿಯ ಕಂಪ್ಯೂಟರ್ ಆದರೆ ಅಲ್ಲಿನ ಐಟಿ ವಿಭಾಗದ ಹತ್ತಿರ ಇರುತ್ತದೆ. ಕೀ ಸಿಗದಿದ್ದರೆ ಮೊದಲು ಬದಲಿಸಿದ ಸೆಟ್ಟಿಂಗ್ ಅನ್ನು ಹಳೆಯ ಹಾಗೇ ಮಾಡಿ ನೋಡಿ, ಎಷ್ಟೋ ಸಲ ಮತ್ತೆ ತೆರೆಯುತ್ತದೆ.

ನಾನು ಒತ್ತಿ ಹೇಳುವುದು ಇಷ್ಟೇ. ನೀವು ಬಿಟ್‌ಲಾಕರ್ ಆನ್ ಮಾಡಿದ ನೆನಪೇ ಇಲ್ಲದಿದ್ದರೂ ಅದು ಆನ್ ಇರಬಹುದು, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ತಾನಾಗಿಯೇ ಶುರುವಾಗಿರುತ್ತದೆ. ಕೀ ಇಲ್ಲದೆ ಆ ಡಿಸ್ಕ್ ತೆರೆಯಲು ಯಾರಿಂದಲೂ ಆಗುವುದಿಲ್ಲ. ಇವತ್ತೇ ಆ ಕೀ ಹುಡುಕಿ ಕಾಗದದಲ್ಲಿ ಬರೆದಿಡಿ.

ಗ್ರಬ್ ಮೆನು ಬರುತ್ತದೆ, ಲಿನಕ್ಸ್ ಆರಿಸಿದರೆ 'ಕರ್ನಲ್ ಪ್ಯಾನಿಕ್' ಬರುತ್ತದೆ. ಗ್ರಬ್ ಮತ್ತೆ ಹಾಕಲಾ?

ಬೇಡ. ಗ್ರಬ್ ತನ್ನ ಕೆಲಸ ಮುಗಿಸಿದೆ. 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ಇದ್ದರೆ ಹೊಸ ಕರ್ನಲ್ ಏಳುವಾಗ ಬೇಕಾಗುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲ್ ಸರಿಯಾಗಿ ತಯಾರಾಗಿಲ್ಲ. ಬೂಟ್ ಪಾರ್ಟಿಷನ್ ತುಂಬಿಹೋಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹಳೆಯ ಕರ್ನಲ್ ಆರಿಸಿ. ಎದ್ದ ಮೇಲೆ ಬೇಡದ ಹಳೆ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್ ಮೂಲಕ ತೆಗೆದು ಜಾಗ ಮಾಡಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿ.

ಇಷ್ಟೆಲ್ಲ ಯಾಕೆ, ಬೂಟ್-ರಿಪೇರ್ ಎಂಬ ಟೂಲ್ ಇದೆಯಲ್ಲ?

ಇದೆ, ಒಳ್ಳೆಯದೇ. ಆದರೆ ಅದರ ನಿಜವಾದ ಬೆಲೆ ಇರುವುದು ರಿಪೇರಿ ಬಟನ್‌ಗಿಂತ ಅದು ತಯಾರಿಸುವ ವರದಿಯಲ್ಲಿ. ಯಾವ ಡಿಸ್ಕ್, ಯಾವ ಪಾರ್ಟಿಷನ್, ಯಾವ ಬೂಟ್ ಸಾಲು ಎಲ್ಲವೂ ಅದರಲ್ಲಿ ಇರುತ್ತದೆ. ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಅದನ್ನು ಕೊಟ್ಟರೆ ಅವರಿಗೆ ಅರ್ಧ ಕೆಲಸ ಉಳಿಯುತ್ತದೆ. ಒಂದೇ ಡಿಸ್ಕ್, ಎನ್‌ಕ್ರಿಪ್ಶನ್ ಇಲ್ಲ ಅಂದರೆ ಅದರ ಶಿಫಾರಸು ಮಾಡಿದ ರಿಪೇರಿಯನ್ನೂ ಒತ್ತಬಹುದು. ಎರಡು ಮೂರು ಡಿಸ್ಕ್ ಇರುವವರು ಕೈಯಾರೆ ಮಾಡುವುದೇ ವಾಸಿ. ಸೂಪರ್ ಗ್ರಬ್2 ಡಿಸ್ಕ್ ಕೂಡ ಇಟ್ಟುಕೊಳ್ಳಿ, ಏನನ್ನೂ ಬದಲಿಸದೆ, ಡಿಸ್ಕಿನಲ್ಲಿ ಇರುವ ಸಿಸ್ಟಮ್‌ಗಳನ್ನು ಹುಡುಕಿ ಎಬ್ಬಿಸಿಕೊಡುತ್ತದೆ.

ಮತ್ತೆ ಹೀಗಾಗದಂತೆ ಏನು ಮಾಡಬಹುದು?

ಸಾಧ್ಯವಿದ್ದರೆ ಎರಡು ಸಿಸ್ಟಮ್‌ಗೆ ಎರಡು ಡಿಸ್ಕ್, ಒಂದೊಂದಕ್ಕೂ ಅದರದೇ ಇಎಫ್‌ಐ ಪಾರ್ಟಿಷನ್. ಒಂದರ ಅಪ್‌ಡೇಟ್ ಇನ್ನೊಂದರ ಫೈಲ್ ಮುಟ್ಟುವ ಸಂದರ್ಭ ತುಂಬಾ ಕಡಿಮೆಯಾಗುತ್ತದೆ. ಒಂದೇ ಡಿಸ್ಕ್ ಇದ್ದರೆ ಇಎಫ್‌ಐ ಪಾರ್ಟಿಷನ್‌ನ ಫೋಲ್ಡರ್‌ಗಳನ್ನು ಕಾಪಿ ಮಾಡಿ ಬೇರೆ ಕಡೆ ಇಡಿ. ತುಂಬಾ ಚಿಕ್ಕದು, ಕೆಟ್ಟ ದಿನ ಬಹಳ ಕೆಲಸಕ್ಕೆ ಬರುತ್ತದೆ. ಇಎಫ್‌ಐಬೂಟ್‌ಎಂಜಿಆರ್ ಮೈನಸ್ ವಿ ತೋರಿಸುವ ಪಟ್ಟಿಯನ್ನೂ ಉಳಿಸಿಡಿ.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದಾಗಲೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ, ಲಿನಕ್ಸ್‌ನಿಂದ ಆ ಪಾರ್ಟಿಷನ್‌ಗೆ ಬರೆಯಲು ಆಗುವುದಿಲ್ಲ. ಒತ್ತಾಯದಿಂದ ಬರೆದರೆ ಫೈಲ್‌ಗಳು ಕೆಡುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ಪವರ್‌ಸಿಎಫ್‌ಜಿ ಮೂಲಕ ಹೈಬರ್ನೇಟ್ ಆಫ್ ಮಾಡಿದರೆ ಇದೂ ಆಫ್ ಆಗುತ್ತದೆ.

2026ರಲ್ಲಿ ಸೆಕ್ಯೂರ್ ಬೂಟ್ ಪ್ರಮಾಣಪತ್ರ ಮುಗಿಯುತ್ತದೆ ಅಂತ ಕೇಳಿದೆ. ಆಗ ಎಲ್ಲ ನಿಂತುಹೋಗುತ್ತದಾ?

ಇಲ್ಲ. ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಲಿನಕ್ಸ್‌ನ ಶಿಮ್‌ಗೆ ಸಹಿ ಹಾಕುತ್ತಿದ್ದದ್ದೂ ಅವುಗಳಲ್ಲಿ ಒಂದು. ಈಗಾಗಲೇ ಸಹಿ ಆಗಿರುವ ಬೂಟ್‌ಲೋಡರ್‌ಗಳು ಏಳುತ್ತಲೇ ಇರುತ್ತವೆ, ಫರ್ಮ್‌ವೇರ್‌ಗಳು ಸಾಮಾನ್ಯವಾಗಿ ಅವಧಿಯ ದಿನಾಂಕ ನೋಡಿ ತಡೆಯುವುದಿಲ್ಲ. ತೊಂದರೆ ಬರುವುದು ಮುಂದೆ: 2023ರ ಹೊಸ ಪ್ರಮಾಣಪತ್ರದಿಂದ ಮಾತ್ರ ಸಹಿ ಆದ ಶಿಮ್ ಬಂದಾಗ, ನಿಮ್ಮ ಫರ್ಮ್‌ವೇರ್‌ಗೆ ಆ ಪ್ರಮಾಣಪತ್ರದ ಪರಿಚಯ ಇಲ್ಲದಿದ್ದರೆ ಅದು ಏಳುವುದಿಲ್ಲ. ಅದಕ್ಕೆ ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಹಾಕಿಕೊಳ್ಳಿ, ವಿಂಡೋಸ್ ಅಪ್‌ಡೇಟ್ ತಡೆಹಿಡಿಯಬೇಡಿ, ಲಿನಕ್ಸ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ತರುವ ಎಫ್‌ಡಬ್ಲ್ಯುಯುಪಿಡಿ ಅಂಥದ್ದನ್ನು ಕೊಟ್ಟರೆ ಒಪ್ಪಿಕೊಳ್ಳಿ. ಇದರಿಂದಲೂ ಬಿಟ್‌ಲಾಕರ್ ಕೀ ಕೇಳಬಹುದು, ಮೊದಲೇ ಹತ್ತಿರ ಇಟ್ಟುಕೊಂಡಿರಿ.